ಮೇಲೆ ನೋಡಿದರೆ ಹೌದು

ಬಟ್ಟೆ ಒಣಹಾಕಲು ಮಹಡಿಗೆ ಹೋದ ಹೆಂಡತಿ ಬಕೆಟ್ ಹಿಡಿದು ಕೆಳಗಿಳಿದು ಬರುವಷ್ಟರಲ್ಲಿ ಗಂಡ ಮಾಡಬಾರದ್ದನ್ನು ಮಾಡಿ ಮುಗಿಸಿದ್ದ. ಕೈ ಎತ್ತಲಾರದ, ಕುತ್ತಿಗೆ ನಿಲ್ಲಿಸಲಾರದ, ನಾಲಿಗೆ ಹೊರಳಿಸಲಾರದ ಮನುಷ್ಯ, ದಿಂಬುಗಳ ನಡುವೆ ಒರಗಿಸಿದಲ್ಲೇ ಒರಗಿರುವವನು, ಏನು ತಾನೇ ಮಾಡಿಯಾನು? ತನ್ನ ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿಕೊಂಡಿದ್ದ. ಕಣ್ಣಿನಲ್ಲೇ ಹಾಕಿಕೊಂಡಿದ್ದ.

ಮಂಚಕ್ಕೆ ಅಡ್ಡಲಾಗಿ ಚಾಚಿದ ಕಬ್ಬಿಣದ ತೋಳಿನ ಮೇಲೆ, ಅವನ ಮುಖಕ್ಕೆ ನೇರವಾಗಿ ನಿಂತಿದ್ದ ಪರದೆ ಕಪ್ಪಾಗಿತ್ತು. ಅದರ ತುಂಬ ಬಿಳಿ ಅಕ್ಷರಗಳು, ಒಂದಕ್ಕೂ ತಲೆಬುಡವಿಲ್ಲ. ಕೊನೆಯ ಸಾಲಿನಲ್ಲಿ ಕರ್ನಲ್ ಪ್ಯಾನಿಕ್ ಎಂದಿತ್ತು. ಅವಳು ಬಕೆಟ್ಟನ್ನು ಅಲ್ಲೇ ಇಟ್ಟಳು.

"ಏನ್ ದೊರೆ, ಏನ್ ಮಾಡ್ಕೊಂಡೆ?" ಎಂದು ಕೇಳಿದಳು. ಕೇಳಿದ ಮೇಲೆ ನೆನಪಾಯಿತು, ಉತ್ತರ ಬರಬೇಕಾದದ್ದು ಆ ಪರದೆಯಿಂದಲೇ.

ದೊರೆ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಊರಿಗೆಲ್ಲ ನೀರು ಬಿಡುವ ಆಫೀಸಿನಲ್ಲಿ ಕಂಪ್ಯೂಟರ್ ಕೋಣೆ ಅವನ ಕೈಯಲ್ಲಿತ್ತು. ಆ ತಣ್ಣನೆಯ ಕೋಣೆಯೊಳಗೆ ಅವನ ಅಪ್ಪಣೆಯಿಲ್ಲದೆ ಯಾರೂ ಒಂದು ಗುಂಡಿ ಒತ್ತುವಂತಿರಲಿಲ್ಲ. ಬ್ಯಾಕಪ್ ತೆಗೆಯದೆ ಅಪ್‌ಡೇಟ್ ಹಾಕಿದವನು ಅವನ ಕಣ್ಣಿಗೆ ಬಿದ್ದರೆ ಮುಗಿಯಿತು. ಎದುರಿಗೆ ನಿಲ್ಲಿಸಿಕೊಂಡು, ಅದು ಯಾಕೆ ತಪ್ಪು, ತಪ್ಪಿನಿಂದ ಏನಾಗಬಹುದಿತ್ತು, ಆಗದೆ ಉಳಿದದ್ದು ಯಾರ ಪುಣ್ಯ ಎಂದು ಕಿವಿ ತೂತು ಬೀಳುವಷ್ಟು ಹೇಳುತ್ತಿದ್ದ. ವಿವರಣೆ ಕೊಡುವುದೆಂದರೆ ಅವನಿಗೆ ಅಷ್ಟು ಇಷ್ಟ. ಮನೆಯಲ್ಲೂ ಅಷ್ಟೇ. ಬಲ್ಬು ಸುಟ್ಟರೆ ಬದಲಿಸಿ ಸುಮ್ಮನಾಗುವ ಗಿರಾಕಿಯಲ್ಲ, ಯಾಕೆ ಸುಟ್ಟಿತು ಎನ್ನುವುದನ್ನು ಹೆಂಡತಿ ಕೇಳಿಸಿಕೊಳ್ಳಲೇಬೇಕು. ಅವಳು ಊರ ಬಸ್ಸು ಓಡಿಸುವವಳು. ಡಿಪೋದಲ್ಲಿ ಡ್ರೈವರಮ್ಮ ಅನ್ನುತ್ತಿದ್ದರು. ದಿನವೆಲ್ಲ ಹಾರ್ನು ಕೇಳಿಸಿಕೊಂಡು ಬಂದವಳಿಗೆ ಬಲ್ಬಿನ ಜೀವನಚರಿತ್ರೆ ಬೇಕಿರಲಿಲ್ಲ. ಆದರೂ ಕೇಳುತ್ತಿದ್ದಳು, ತಟ್ಟೆ ತೊಳೆಯುತ್ತ.

ರೋಗ ಮೊದಲು ಬೆರಳು ಹಿಡಿಯಿತು. ಆಮೇಲೆ ಕಾಲು, ಆಮೇಲೆ ನಾಲಿಗೆ. ನಾಲಿಗೆ ಹೋಗುವ ಮೊದಲೇ ದೊರೆ ತನ್ನ ಬಂದೋಬಸ್ತು ಮಾಡಿಕೊಂಡಿದ್ದ. ಆಫೀಸು ಎಸೆದ ಹಳೆಯ ಕಂಪ್ಯೂಟರ್ ಡಬ್ಬವೊಂದನ್ನು ತಂದು ಲಿನಕ್ಸ್ ಎಂಬ ಸಿಸ್ಟಮ್ ಹಾಕಿದ. ಅದೇ ಯಾಕೆಂದರೆ, ಅದರ ಹೊಟ್ಟೆಯಲ್ಲಿ ಏನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಬೇಕಾದಂತೆ ತಿದ್ದಬಹುದು. ಪರದೆಯ ಕೆಳಗೆ ಒಂದು ಕ್ಯಾಮೆರಾ. ಅವನು ನೋಡಿದ ಕಡೆಗೆ ಪರದೆಯ ಮೇಲೊಂದು ಹಸಿರು ಚುಕ್ಕಿ ಹೋಗಬೇಕು, ಚುಕ್ಕಿ ನಿಂತ ಅಕ್ಷರ ಒತ್ತಿದಂತಾಗಬೇಕು, ಸಾಲು ಮುಗಿದರೆ ಡಬ್ಬ ಅದನ್ನು ಓದಿ ಹೇಳಬೇಕು. ಆ ಪ್ರೋಗ್ರಾಮನ್ನು ಎಲ್ಲೆಲ್ಲಿಂದಲೋ ತಂದು, ಕೊಯ್ದು, ಜೋಡಿಸಿ, ಕೈಯಾರೆ ಕಟ್ಟಿದ. ಡಬ್ಬದ ದನಿ ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ದನಿಯಂತಿತ್ತು. "ಇಷ್ಟು ವರ್ಷ ಬಸ್ಸಲ್ಲಿ ಕೇಳಿದ್ದು ಸಾಲ್ದು ಅಂತ ಮನೇಲೂ ಇದೇನಾ?" ಎಂದು ಡ್ರೈವರಮ್ಮ ನಕ್ಕಿದ್ದಳು.

ರೋಗ ಕಣ್ಣಿನ ಸ್ನಾಯುಗಳನ್ನೂ ಬಿಡಲಿಲ್ಲ. ಅವನ ನೋಟ ವಾರ ವಾರಕ್ಕೂ ಜಾರತೊಡಗಿತು. ಒಂದು ಅಕ್ಷರ ನೋಡಲು ಹೋದರೆ ಕಣ್ಣು ಪಕ್ಕದ್ದರ ಮೇಲೆ ಬೀಳುತ್ತಿತ್ತು. ಅದಕ್ಕೂ ಅವನಲ್ಲಿ ಉಪಾಯವಿತ್ತು. ಎಷ್ಟು ಜಾರುತ್ತದೆ ಎಂದು ಅಳೆದು, ಪ್ರತಿ ವಾರ ಆ ಕಣ್ಣಿನಿಂದಲೇ ಅಂಕಿಗಳನ್ನು ತಿದ್ದಿ, ಡಬ್ಬಕ್ಕೆ ಕಲಿಸುತ್ತಿದ್ದ. ಹಾಗಾಗಿ ಅವನ ಕಣ್ಣಿನ ಮಾತು ಲೋಕದಲ್ಲಿ ಆ ಒಂದು ಡಬ್ಬಕ್ಕೆ ಮಾತ್ರ ಅರ್ಥವಾಗುತ್ತಿತ್ತು. ಆಸ್ಪತ್ರೆಯವರು ಅಕ್ಷರ ಬರೆದ ಪ್ಲಾಸ್ಟಿಕ್ ಹಲಗೆಯೊಂದನ್ನು ಕೊಟ್ಟಿದ್ದರು, ಅಕ್ಷರ ತೋರಿಸುತ್ತ ಹೋಗಿ, ಬೇಕಾದ್ದು ಬಂದಾಗ ಅವರು ಕಣ್ಣಲ್ಲಿ ಹೇಳುತ್ತಾರೆ, ಇಬ್ಬರೂ ಅಭ್ಯಾಸ ಮಾಡಿ ಎಂದು. "ಅದನ್ನ ಕಸಕ್ಕೆ ಹಾಕು," ಎಂದಿತ್ತು ಡಬ್ಬ. ಅವಳಿಗೂ ಅಷ್ಟೇ ಬೇಕಿತ್ತು. ಹಲಗೆ ಬೀರುವಿನ ಹಿಂದೆ ಹೋಯಿತು. ಗಂಡನ ಕಣ್ಣು ಓದುವ ಕೆಲಸ ಡಬ್ಬ ಮಾಡುತ್ತಿದ್ದಾಗ ಅವಳು ಯಾಕೆ ಕಲಿಯಬೇಕಿತ್ತು?

ಇದೆಲ್ಲ ಇಲ್ಲಿರಲಿ. ಅವತ್ತು ಬೆಳಿಗ್ಗೆ ಡಾಕ್ಟರು ಬಂದಿದ್ದರು. ತಲೆ ಬೆಳ್ಳಗಾದ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ದೊರೆಯ ಎದೆಗೆ ಉಸಿರೆಳೆಯುವ ಶಕ್ತಿ ಮುಗಿಯುತ್ತ ಬಂದಿದೆ, ಇನ್ನು ತಡಮಾಡುವಂತಿಲ್ಲ ಎಂದರು. ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಹಾಕಿದರೆ ಯಂತ್ರ ಉಸಿರಾಡಿಸುತ್ತದೆ. ಇನ್ನೂ ಕೆಲವು ವರ್ಷ ಇರಬಹುದು, ಇದ್ದಲ್ಲೇ, ಹೀಗೇ, ಕಣ್ಣೂ ನಿಂತುಹೋದ ಮೇಲೆಯೂ. ಬೇಡವೆಂದರೆ ನೋವಿಲ್ಲದಂತೆ ನೋಡಿಕೊಳ್ಳುತ್ತೇವೆ, ಆದರೆ ದಿನಗಳು ಬಹಳ ಇರುವುದಿಲ್ಲ. "ನಾಳೆ ಬೆಳಿಗ್ಗೆ ಬರ್ತೀನಿ. ಉತ್ತರ ಅವರದ್ದೇ ಆಗಿರಬೇಕು. ಮನೆಯವರದ್ದಲ್ಲ," ಎಂದು ಮಂಚದ ಆಚೆ ನಿಂತಿದ್ದ ದೊಡ್ಡಕ್ಕನನ್ನು ನೋಡಿ ಹೇಳಿದರು. ದೊಡ್ಡಕ್ಕ ದೊರೆಯ ಅಕ್ಕ, ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಡಾಕ್ಟರು ಬಾಯಿ ಮುಚ್ಚುವ ಮೊದಲೇ ಟ್ಯೂಬ್ ಹಾಕಿಬಿಡಿ ಅಂದವಳು ಅವಳೇ.

ಹಸಿರು ಚುಕ್ಕಿ ಪರದೆಯ ಮೇಲೆ ನಿಧಾನವಾಗಿ ಓಡಾಡಿತು. "ಬರೆದು ಹೇಳ್ತೀನಿ," ಎಂದಿತ್ತು ಡಬ್ಬ.

ಅಲ್ಲೇ ಎಡವಟ್ಟಾದದ್ದು. ದೊರೆಗೆ ಮೊದಲಿನಿಂದ ಒಂದು ಚಟ. ದೊಡ್ಡ ಕೆಲಸಕ್ಕೆ ಕೂರುವ ಮುನ್ನ ಯಂತ್ರ ಚೊಕ್ಕಟವಾಗಿರಬೇಕು. ಹಳೆಯದು ತೆಗೆದು, ಹೊಸದು ಹಾಕಿ, ಒಮ್ಮೆ ಆರಿಸಿ ಹೊತ್ತಿಸಿ, ಆಮೇಲೆ ಕೆಲಸ. ಉಳಿದವರು ಕಾಗದ ಬರೆಯುವ ಮೊದಲು ಮೇಜು ಒರೆಸುತ್ತಾರಲ್ಲ, ಹಾಗೆ. ಬದುಕಿನಲ್ಲಿ ಆ ಉತ್ತರಕ್ಕಿಂತ ದೊಡ್ಡದನ್ನು ಅವನು ಬರೆಯುವುದು ಇರಲಿಲ್ಲ. ಹೆಂಡತಿ ಮಹಡಿಗೆ ಹೋದದ್ದೇ ಅಪ್‌ಡೇಟಿನ ಆಜ್ಞೆಯನ್ನು ಒಂದೊಂದೇ ಅಕ್ಷರ ನೋಡಿ ನೋಡಿ ಬರೆದ. ಹೊಸ ಕರ್ನಲ್ ಇಳಿಯಿತು. ಕರ್ನಲ್ ಅಂದರೆ ಆ ಸಿಸ್ಟಮಿನ ತಿರುಳು, ಮೊದಲು ಏಳುವುದು ಅದೇ. ಅದನ್ನು ಎಬ್ಬಿಸುವ ಫೈಲು ಬರೆಯುವಾಗ ಡಿಸ್ಕಿನಲ್ಲಿ ಅದಕ್ಕಿದ್ದ ಮೂಲೆಯಲ್ಲಿ ಜಾಗ ಸಾಲದೆ ಫೈಲು ಅರ್ಧಕ್ಕೆ ನಿಂತಿತು. ಜಾಗವಿಲ್ಲ ಎಂಬ ಸಾಲು ಪರದೆಯ ಮೇಲೆ ಬಂದೂ ಹೋಗಿತ್ತು. ಹಿಂದಿನ ದೊರೆಯಾಗಿದ್ದರೆ ಆ ಸಾಲು ಕಿಟಕಿಯಾಚೆ ಹೋಗುತ್ತಿದ್ದರೂ ಹಿಡಿಯುತ್ತಿದ್ದ. ಈಗಿನ ಕಣ್ಣಿಗೆ ಅದು ಸಿಕ್ಕಲಿಲ್ಲ. ಎಲ್ಲ ಸರಿಯಿದೆ ಅಂದುಕೊಂಡು, ಜಾಗ ತುಂಬಿಕೊಂಡಿದ್ದ ಹಳೆಯ ಕರ್ನಲ್‌ಗಳನ್ನು ಗುಡಿಸಿ ಹಾಕಿದ. ಆಮೇಲೆ ಆರಿಸಿ ಹೊತ್ತಿಸಿದ. ಹೊಸದು ಏಳಲಿಲ್ಲ, ಏಳಬಲ್ಲ ಹಳೆಯದು ಉಳಿದಿರಲಿಲ್ಲ.

ಡ್ರೈವರಮ್ಮ ಗಂಡನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದಳು. ಗಡ್ಡ ಅಂತಲೇ ಎಲ್ಲರೂ ಕರೆಯುತ್ತಿದ್ದ ಆ ಮನುಷ್ಯ ಈಗ ಬೇರೆ ಊರಿನಲ್ಲಿದ್ದ. ಒಳ್ಳೆಯವನೇ, ಆದರೆ ಬಾಯಿಗೆ ಬಿಡುವಿಲ್ಲ.

"ಪರದೆ ಮೇಲೆ ಏನಿದೆ ಓದಿ ಹೇಳಿ."

"ಕರ್ನಲ್ ಪ್ಯಾನಿಕ್ ಅಂತಿದೆ. ಇದಕ್ಕೇನಂತೆ ಗಾಬರಿ? ಗಾಬರಿ ಆಗ್ಬೇಕಾದೋಳು ನಾನು."

ಗಡ್ಡ ನಗಲಿಲ್ಲ. ಬ್ಯಾಕಪ್ ಇದೆಯಾ ಎಂದು ಕೇಳಿದ. ಇತ್ತು. ದೊರೆಯ ಬೆರಳು ಆಡುತ್ತಿದ್ದ ಕಾಲದ್ದು, ಆ ಕಾಲದ ಕಣ್ಣಿನ ಲೆಕ್ಕದ್ದು. ಗಡ್ಡ ನಿಟ್ಟುಸಿರು ಬಿಟ್ಟ. "ಹಾಗಿದ್ರೆ ಎಲ್ಲ ಒರೆಸಿ ಹೊಸದಾಗಿ ಹಾಕೋದೇ ಸುಲಭ. ಅವನ ಫೈಲುಗಳನ್ನ ಉಳಿಸ್ಕೊಬಹುದು," ಎಂದ.

ಫೋನಿನ ಸ್ಪೀಕರ್ ಹಾಕಿತ್ತು. ದೊರೆ ಎರಡೂ ಕಣ್ಣು ಮುಚ್ಚಿದ. ಮೇಲೆ ನೋಡಿದರೆ ಹೌದು, ಕಣ್ಣು ಮುಚ್ಚಿದರೆ ಇಲ್ಲ. ನೀರು ಬೇಕಾ, ಮಗ್ಗುಲು ತಿರುಗಿಸಲಾ ಎನ್ನುವಂಥ ಸಣ್ಣಪುಟ್ಟದಕ್ಕೆ ಅವರಿಬ್ಬರ ನಡುವೆ ಇದ್ದದ್ದು ಇಷ್ಟೇ ಭಾಷೆ.

"ಬೇಡ ಅಂತಿದ್ದಾನೆ," ಎಂದಳು.

"ಅಯ್ಯೋ ಹೌದಲ್ಲ," ಎಂದ ಗಡ್ಡ. "ಆ ಕಣ್ಣಿನ ಪ್ರೋಗ್ರಾಮು ಅವನೇ ಕಟ್ಟಿದ್ದು. ಹೊಸ ಸಿಸ್ಟಮ್ ಮೇಲೆ ಅದು ಏಳಲ್ಲ. ಎದ್ರೂ ಮತ್ತೆ ಅಳತೆ ತಗೊ ಅನ್ನತ್ತೆ. ಈಗಿನ ಕಣ್ಣಲ್ಲಿ ಅಳತೆ ಕೊಡೋಕೆ ಆಗತ್ತಾ ಅವನಿಗೆ?"

ಆಗುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಹಾಗಾಗಿ ಇದ್ದ ಡಬ್ಬವನ್ನೇ, ಇದ್ದ ಹಾಗೇ ಎಬ್ಬಿಸಬೇಕಿತ್ತು, ಬೇರೆ ದಾರಿಯಿರಲಿಲ್ಲ.

ಮೇಜಿನ ಡ್ರಾಯರಿನಲ್ಲಿ ಪೆನ್ ಡ್ರೈವ್‌ಗಳ ರಾಶಿಯೇ ಇತ್ತು. ಅದರಲ್ಲೊಂದರಿಂದ ಡಬ್ಬವನ್ನು ಹೊರಗಿನಿಂದ ಹೊತ್ತಿಸಬಹುದು, ಅದು ಯಾವುದು ದೊರೆಗೆ ಗೊತ್ತು. ಒಂದೊಂದೇ ಅವನ ಮುಖದೆದುರು ಹಿಡಿದಳು. ಇದಾ? ಮುಚ್ಚಿದ. ಇದಾ? ಮುಚ್ಚಿದ. ಕೆಂಪು ಮುಚ್ಚಳದ್ದಕ್ಕೆ ಕಣ್ಣು ಮೇಲೆ ಹೋಯಿತು. ಅವಳಿಗೆ ಏನೋ ಗೆದ್ದಂತಾಯಿತು. ಅದೇ ಹೊತ್ತಿಗೆ ಹೊರಗೆ ಹೋಗಿ ಬಂದ ದೊಡ್ಡಕ್ಕ ಬಾಗಿಲಲ್ಲೇ ನಿಂತು, ವಿಷಯ ಕೇಳಿ, ತಲೆಯ ಮೇಲೆ ಕೈ ಹೊತ್ತು ಕುರ್ಚಿಯಲ್ಲಿ ಕುಸಿದಳು.

"ಇವತ್ತೇ ಬೇಕಿತ್ತೇನೋ ನಿನಗೆ ಈ ಉಸಾಬರಿ?" ಎಂದು ತಮ್ಮನನ್ನು ಬೈದಳು. ತಮ್ಮ ಗೋಡೆ ಕಡೆ ನೋಡಿದ.

ಆಮೇಲೆ ಅವಳೇ ಎದ್ದು ಬೀರುವಿನ ಹಿಂದಿನಿಂದ ಆ ಪ್ಲಾಸ್ಟಿಕ್ ಹಲಗೆ ಎಳೆದು, ಸೆರಗಿನಲ್ಲಿ ಧೂಳು ಒರೆಸಿ, ತಮ್ಮನೆದುರು ಹಿಡಿದಳು. ಒಂದೊಂದೇ ಸಾಲು ಬೆರಳಿಟ್ಟು ಕೇಳುತ್ತ ಹೋದಳು. ಸಾಲು ಸಿಕ್ಕಿ ಅಕ್ಷರಕ್ಕೆ ಬರುವಷ್ಟರಲ್ಲಿ ಅವನ ನೋಟ ಎಲ್ಲಿಗೋ ಜಾರಿರುತ್ತಿತ್ತು. ಮೂರು ಅಕ್ಷರ ಕೂಡಿದ್ದೂ ಯಾವ ಶಬ್ದವೂ ಆಗಲಿಲ್ಲ. ಕಲಿಯಬಹುದಾಗಿದ್ದ ಕಾಲ ಕಳೆದುಹೋಗಿತ್ತು. ದೊಡ್ಡಕ್ಕ ಹಲಗೆಯನ್ನು ಮಂಚದ ಕಾಲಿಗೆ ಒರಗಿಸಿ, ಮೂಗು ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು.

ಕೆಂಪು ಮುಚ್ಚಳದ ಪೆನ್ ಡ್ರೈವ್ ಸಿಕ್ಕಿಸಿ ಡಬ್ಬ ಹೊತ್ತಿಸಿದ ಮೇಲೆ ಗಡ್ಡ ಹೇಳುತ್ತ ಹೋದ, ಡ್ರೈವರಮ್ಮ ಕೀಲಿಮಣೆ ಮಡಿಲಲ್ಲಿಟ್ಟುಕೊಂಡು ಒಂದೇ ಬೆರಳಲ್ಲಿ ಬಡಿಯುತ್ತ ಹೋದಳು. ದೊಡ್ಡ ಬಸ್ಸನ್ನು ಸಂದಿಯಲ್ಲಿ ಹಿಂದಕ್ಕೆ ತೆಗೆಯುವ ಕೈ ಅದು, ಒಂದು ಓರೆಗೀಟು ಹುಡುಕಲು ಒದ್ದಾಡುತ್ತಿತ್ತು. ಮೊದಲು ಒಳಗಿನ ಡಿಸ್ಕನ್ನು ಜೋಡಿಸಬೇಕು. ಆಮೇಲೆ ಪೆನ್ ಡ್ರೈವಿನಿಂದ ಆ ಡಿಸ್ಕಿನೊಳಕ್ಕೆ ಹೆಜ್ಜೆಯಿಡಬೇಕು, ಒಳಗಿನಿಂದಲೇ ಅದರ ಮುರಿದ ಭಾಗ ಕಟ್ಟಬೇಕು. "ಬೀಗ ಕೆಟ್ಟ ಮನೆಗೆ ಕಿಟಕಿಯಿಂದ ಇಳಿದ ಹಾಗೆ," ಎಂದ ಗಡ್ಡ. ಗಡ್ಡನಿಗೆ ಪರದೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ದೊರೆಗೆ. ಹಾಗಾಗಿ ಅವಳೇ ಒಂದು ಕ್ರಮ ಮಾಡಿಕೊಂಡಳು: ಸಾಲು ಬರೆದಾದ ಮೇಲೆ ಎಂಟರ್ ಒತ್ತುವ ಮುನ್ನ ಗಂಡನ ಮುಖ ನೋಡುವುದು. ಕಣ್ಣು ಮೇಲೆ ಹೋದರೆ ಒತ್ತುವುದು. ಮುಚ್ಚಿದರೆ ಮತ್ತೆ ನೋಡುವುದು.

ಒಂದು ಸಾಲಿಗೆ ಅವನ ಕಣ್ಣು ಮುಚ್ಚಿತು. ಅವಳು ಗಡ್ಡನಿಂದ ಅಕ್ಷರ ಅಕ್ಷರ ಮತ್ತೆ ಹೇಳಿಸಿಕೊಂಡು ತಾಳೆ ನೋಡಿದಳು. ಸರಿಯಾಗಿಯೇ ಇತ್ತು. ಮತ್ತೆ ಕೇಳಿದಳು, ಮತ್ತೆ ಮುಚ್ಚಿತು. ಎಲ್ಲ ಅಳಿಸಿ ಮೊದಲಿನಿಂದ ಬರೆದಳು. ಮತ್ತೆ ಮುಚ್ಚಿತು.

"ಸರಿಯಾಗೇ ಇದೆ ಅಂತೀನಿ, ಹೊಡೀರಿ!" ಎಂದು ಗಡ್ಡ ರೇಗಿದ.

ಅವಳು ಹೊಡೆಯಲಿಲ್ಲ. ಪರದೆ ಬಿಟ್ಟು ಗಂಡನ ಮುಖವನ್ನು ನೋಡಿದಳು. ಇಷ್ಟು ದಿನ ಒರೆಸಿದ, ತೊಳೆದ, ಕ್ಷೌರ ಮಾಡಿದ ಮುಖ. ಹೀಗೆ ಕೂತು ನೋಡಿರಲಿಲ್ಲ. ಎಡಗಣ್ಣಿನ ರೆಪ್ಪೆ ಮೊದಲು ಇಳಿಯುತ್ತಿತ್ತು, ನಿಧಾನಕ್ಕೆ, ಅರ್ಧಕ್ಕೆ ತಡೆದು, ಆಮೇಲೆ ಪೂರ್ತಿ. ಅದರ ಹಿಂದೆ ಬಲಗಣ್ಣು. ಹುಬ್ಬು ಸಡಿಲವಾಗಿತ್ತು. ಇದು ಇಲ್ಲ ಅಲ್ಲ, ಅವನಿಗೆ ಸುಸ್ತು ಎಂದು ಅವಳಿಗೆ ಆಗ ಹೊಳೆಯಿತು. ಒದ್ದೆ ಬಟ್ಟೆ ತಂದು ಅವನ ಕಣ್ಣಿನ ಮೇಲಿಟ್ಟಳು. ತೆಗೆದಾಗ ಕಣ್ಣು ತೆರೆಯಿತು, ಮೇಲೆ ಹೋಯಿತು. ಎಂಟರ್ ಒತ್ತಿದಳು. ಡಿಸ್ಕು ಜೋಡಿಸಿಕೊಂಡಿತು.

ಆಮೇಲೆ ಅರ್ಧ ಬರೆದು ನಿಂತ ಆ ಕೆಟ್ಟ ಫೈಲನ್ನು ಅಳಿಸಬೇಕಿತ್ತು. ಗಡ್ಡ ಆಜ್ಞೆ ಹೇಳಿದ, ಅವಳು ಬರೆದಳು, ಗಂಡನನ್ನು ನೋಡಿದಳು. ಎರಡೂ ರೆಪ್ಪೆ ಒಟ್ಟಿಗೆ ಬಿಗಿದು ಮುಚ್ಚಿದವು, ಹುಬ್ಬುಗಳ ನಡುವೆ ಒಂದು ಗೆರೆ ಬಿತ್ತು. ಅವಳ ಬೆರಳು ಗಾಳಿಯಲ್ಲೇ ನಿಂತಿತು.

"ಹೊಡೀರಿ ಎಂಟರ್," ಎಂದ ಗಡ್ಡ.

"ತಡಿ, ತಡಿ. ಇದು ಸುಸ್ತಲ್ಲ. ಏನೋ ತಪ್ಪಿದೆ."

ಸಾಲನ್ನು ಅವಳು ಅಕ್ಷರದ ಜೊತೆ ಖಾಲಿ ಜಾಗಗಳನ್ನೂ ಸೇರಿಸಿ ಓದಿ ಹೇಳಿದಳು. ಒಂದು ಓರೆಗೀಟಿನ ಪಕ್ಕದಲ್ಲಿ ಅವಳ ಹೆಬ್ಬೆರಳು ತಾಗಿ ಜಾಗ ಬಿದ್ದಿತ್ತು. ಫೋನಿನ ಆಚೆ ಗಡ್ಡ ಮೆಲ್ಲಗೆ, "ಒತ್ತಿದ್ರೆ ಡಿಸ್ಕ್ ಪೂರ್ತಿ ಒರೆಸಿ ಹೋಗ್ತಿತ್ತು. ಅವನ ಕಣ್ಣಿನ ಲೆಕ್ಕ, ದನಿ, ಎಲ್ಲ," ಎಂದ. ಅವಳು ಆ ಖಾಲಿ ಜಾಗವನ್ನು ಅಳಿಸಿದಳು. ಕಣ್ಣು ಮೇಲೆ ಹೋಯಿತು.

ಅಲ್ಲಿಂದಾಚೆಗೆ ಅವಳು ತಪ್ಪಲಿಲ್ಲ. ಒಟ್ಟಿಗೆ ಬಿಗಿದರೆ ಇಲ್ಲ, ಎಡಗಣ್ಣು ಮೊದಲು ಇಳಿದರೆ ಸುಸ್ತು. ಸುಸ್ತಾದಾಗ ಬಟ್ಟೆ, ತೆರೆದಾಗ ಸಾಲು. ಮಧ್ಯಾಹ್ನ ಕಿಟಕಿಯ ಆ ಬದಿಯಿಂದ ಈ ಬದಿಗೆ ಸರಿಯಿತು. ಇವರಿಬ್ಬರೂ ಹೀಗೆ ಒಂದೇ ಕೆಲಸಕ್ಕೆ ತಲೆಯಿಟ್ಟು ಕೂತು ಎಷ್ಟೋ ಕಾಲವಾಗಿತ್ತು. ಅವನ ತಲೆ, ಅವಳ ಕೈ. ಒಂದು ಹೊತ್ತಿನಲ್ಲಿ ಅವಳಿಗೆ ಖುಷಿಯೂ ಆಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು. ಕೊನೆಯ ಆಜ್ಞೆಗೆ ಪರದೆಯ ಮೇಲೆ ಸಾಲುಗಳು ಸರಸರ ಓಡಿದವು. ಜಾಗವಿಲ್ಲ ಎಂಬ ಸಾಲಿಗಾಗಿ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬರಲಿಲ್ಲ.

ಪೆನ್ ಡ್ರೈವ್ ತೆಗೆದು ಡಬ್ಬವನ್ನು ಆರಿಸಿ ಹೊತ್ತಿಸಿದಳು. ಕಪ್ಪು, ಮತ್ತೆ ಕಪ್ಪು, ಆಮೇಲೆ ದೊರೆಯ ಹಳೆಯ ನೀಲಿ ಪರದೆ. ಕ್ಯಾಮೆರಾದ ದೀಪ ಹತ್ತಿತು. ಅಕ್ಷರಗಳ ಚೌಕ ಮೂಡಿತು. "ನಾನು ರೆಡಿ," ಎಂದಿತು ಡಬ್ಬ, ಮುಂದಿನ ನಿಲ್ದಾಣದ ದನಿಯಲ್ಲಿ.

ದೊಡ್ಡಕ್ಕ ಅಡುಗೆಮನೆಯಿಂದ ಓಡಿ ಬಂದಳು. ಫೋನಿನಲ್ಲಿ ಗಡ್ಡ ಸಿಳ್ಳೆ ಹಾಕಿದ. ಡ್ರೈವರಮ್ಮ ಗಂಡನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, "ಮಾಡಿದ್ವಿ ದೊರೆ! ಬರಿ ಈಗ. ಏನಾದ್ರೂ ಬರಿ. ಬೈಯೋದಾದ್ರೂ ಬೈ," ಎಂದಳು.

ಹಸಿರು ಚುಕ್ಕಿ ಪರದೆಯ ನಡುವೆ ಕಾಣಿಸಿಕೊಂಡಿತು. ಒಂದು ಅಕ್ಷರದ ಕಡೆ ಹೊರಟಿತು. ಅರ್ಧಕ್ಕೆ ಹೋಗಿ, ಕೆಳಗೆ ಜಾರಿ, ಬಲಮೂಲೆಗೆ ಉರುಳಿ ನಿಂತಿತು. ಮತ್ತೆ ನಡುವಿಗೆ ಬಂತು. ಮತ್ತೆ ಮೂಲೆಗೆ ಉರುಳಿತು.

ಬಟ್ಟೆ ಇಟ್ಟರು, ಕಾದರು, ದಿಂಬು ಸರಿಸಿದರು, ಪರದೆಯನ್ನು ಹತ್ತಿರ ತಂದರು, ದೂರ ಒಯ್ದರು. ಚುಕ್ಕಿ ಮೂಲೆ ಬಿಟ್ಟು ಕದಲಲಿಲ್ಲ. ಡಬ್ಬಕ್ಕೆ ಗೊತ್ತಿದ್ದದ್ದು ಬೆಳಗಿನ ಕಣ್ಣು. ಸಾಲು ಸಾಲಿಗೂ ಮೇಲೆ ನೋಡಿ, ಬಿಗಿದು ಮುಚ್ಚಿ, ಮಧ್ಯಾಹ್ನವಿಡೀ ದುಡಿದ ಕಣ್ಣು ಬೇರೆಯದಾಗಿತ್ತು. ಉಳಿದಿದ್ದ ಅಷ್ಟಿಷ್ಟು ಶಕ್ತಿಯನ್ನೂ ಡಬ್ಬ ಎಬ್ಬಿಸುವುದಕ್ಕೇ ಅವನು ಖರ್ಚು ಮಾಡಿದ್ದ. ಕೊಡು ಕೊಡು ಎಂದು ಕೇಳಿ ಖರ್ಚು ಮಾಡಿಸಿದವಳು ಅವಳೇ.

"ಅಂಕಿ ಬದಲಿಸಿ ನೋಡೋಣ," ಎಂದ ಗಡ್ಡ. ಫೈಲು ತೆರೆದರೆ ಪುಟಗಟ್ಟಲೆ ಅಂಕಿ. ಒಂದೆರಡು ಬದಲಿಸಿದರು. ಚುಕ್ಕಿ ಬಲಮೂಲೆ ಬಿಟ್ಟು ಎಡಮೂಲೆಗೆ ಹೋಯಿತು. ಯಾವ ಅಂಕಿ ಏನು ಮಾಡುತ್ತದೆ ಎಂದು ಬಲ್ಲವನೊಬ್ಬನೇ, ಅವನಿಗೆ ಅದನ್ನು ಹೇಳಬೇಕಾದರೆ ಚುಕ್ಕಿ ನೆಟ್ಟಗಿರಬೇಕು. ಗಡ್ಡ ರಜೆ ಸಿಕ್ಕಿದ ಕೂಡಲೇ ಬರ್ತೀನಿ ಎಂದು ಫೋನಿಟ್ಟ.

"ಬೆಳಿಗ್ಗೆ ಸರಿಹೋಗ್ತಾನೆ ಬಿಡು. ನಿದ್ದೆ ಮಾಡಿ ಎದ್ರೆ ಕಣ್ಣು ತಾನಾಗೇ ನಿಲ್ಲತ್ತೆ," ಎಂದಳು ದೊಡ್ಡಕ್ಕ.

ಬೆಳಿಗ್ಗೆ ಕಣ್ಣು ನಿಲ್ಲಲಿಲ್ಲ. ಡಾಕ್ಟರು ಬಂದಾಗ ಡಬ್ಬ ಹೊತ್ತಿಕೊಂಡೇ ಇತ್ತು, ಚುಕ್ಕಿ ಮೂಲೆಯಲ್ಲೇ ಇತ್ತು. ಅವರು ದೊರೆಯ ಎದೆಗೆ ಕಿವಿಗೊಟ್ಟು, ಬೆರಳಿನ ಉಗುರು ನೋಡಿ, ಮುಖ ಸಣ್ಣದು ಮಾಡಿಕೊಂಡು ಕೂತರು.

"ಬರೆದ್ರಾ?"

"ಇಲ್ಲ," ಎಂದಳು ದೊಡ್ಡಕ್ಕ. "ಕಂಪ್ಯೂಟರ್ ಕೈ ಕೊಡ್ತು. ಬರೆಯೋಕಾಗಲ್ಲ ಅಂದ್ಮೇಲೆ ನಾವೇ ತಾನೆ ಹೇಳ್ಬೇಕು? ಟ್ಯೂಬ್ ಹಾಕಿ. ನನ್ನ ತಮ್ಮ ಇರಲಿ."

ಡಾಕ್ಟರು ದೊರೆಯನ್ನೇ ನೋಡುತ್ತಿದ್ದರು. "ಕಣ್ಣಲ್ಲಿ ಹೌದು, ಇಲ್ಲ ಅಂತಾರಲ್ಲ? ಅದು ಖಚಿತವಾಗಿ ಗೊತ್ತಾಗತ್ತಾ ನಿಮಗೆ?"

"ಎಲ್ಲಿ ಗೊತ್ತಾಗತ್ತೆ? ಸುಮ್ಮನೆ ಸುಮ್ಮನೆ ಮುಚ್ಚಿಕೊಳ್ಳತ್ತೆ," ಎಂದಳು ದೊಡ್ಡಕ್ಕ.

ಡ್ರೈವರಮ್ಮ ಸುಮ್ಮನಿದ್ದಳು. ಸುಮ್ಮನಿದ್ದರೆ ಸಾಕಿತ್ತು. ಗೊತ್ತಾಗುವುದಿಲ್ಲ ಎಂದಾದರೆ ತೀರ್ಮಾನ ಮನೆಯವರದ್ದು. ಮನೆಯವರು ಟ್ಯೂಬ್ ಹಾಕಿ ಅನ್ನುತ್ತಾರೆ, ಗಂಡ ಉಳಿಯುತ್ತಾನೆ. ಸಂಜೆ ಡ್ಯೂಟಿ ಮುಗಿಸಿ ಬಂದಾಗ ಮನೆಯಲ್ಲಿ ಒಬ್ಬ ಇರುತ್ತಾನೆ. ಇನ್ನೂ ಕೆಲವು ವರ್ಷ. ನಿನ್ನೆ ಬೆಳಿಗ್ಗೆ ಯಾರಾದರೂ ಕೇಳಿದ್ದರೆ ಅವಳು ನಿಜವಾಗಿಯೂ ಗೊತ್ತಾಗುವುದಿಲ್ಲ ಅನ್ನುತ್ತಿದ್ದಳು, ಸುಳ್ಳು ಹೇಳಬೇಕಾಗಿರಲಿಲ್ಲ. ದೊರೆ ಅವಳನ್ನೇ ನೋಡುತ್ತಿದ್ದ. ಜಾರುವ ಕಣ್ಣನ್ನು ಎಳೆದೆಳೆದು ತಂದು ಅವಳ ಮುಖದ ಮೇಲೇ ಇಡುತ್ತಿದ್ದ.

"ನನಗೆ ಗೊತ್ತಾಗತ್ತೆ," ಎಂದಳು.

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು, ಒಂದೊಂದೇ ಮಾತು ಬಿಡಿಸಿ ಕೇಳಿದರು. "ಉಸಿರಿಗೆ ಟ್ಯೂಬ್ ಹಾಕಬೇಕಾ?"

ಎರಡೂ ರೆಪ್ಪೆ ಒಟ್ಟಿಗೆ ಬಿಗಿದು ಮುಚ್ಚಿದವು. ಹುಬ್ಬುಗಳ ನಡುವೆ ಗೆರೆ ಬಿತ್ತು.

"ಸುಸ್ತು ಅದು, ಡಾಕ್ಟ್ರೇ," ಎಂದಳು ದೊಡ್ಡಕ್ಕ ತಡಮಾಡದೆ. "ರಾತ್ರಿ ನಿದ್ದೆ ಇಲ್ಲ ಅವನಿಗೆ. ಸುಸ್ತಾಗಿ ಮುಚ್ಚಿಕೊಂಡಿದೆ. ಅಲ್ವೇನೇ, ಹೇಳೇ."

"ಅಲ್ಲ ಅಕ್ಕ," ಎಂದಳು ಡ್ರೈವರಮ್ಮ. "ಸುಸ್ತಾದ್ರೆ ಎಡಗಣ್ಣು ಮೊದಲು ಇಳಿಯತ್ತೆ. ಇದು ಇಲ್ಲ ಅಂತಲೇ."

ಡಾಕ್ಟರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು. "ಟ್ಯೂಬ್ ಇಲ್ಲದೆ, ನೋವಾಗದ ಹಾಗೆ ನೋಡಿಕೊಂಡ್ರೆ ಸಾಕು. ಇದು ನಿಮ್ಮ ಇಷ್ಟಾನಾ?"

ಕಣ್ಣು ಮೇಲೆ ಹೋಯಿತು, ಅಲ್ಲೇ ನಿಂತಿತು. ನಿನ್ನೆ ಸಂಜೆಯಿಂದ ಯಾವ ಅಕ್ಷರದ ಮೇಲೂ ನಿಲ್ಲದ ಕಣ್ಣು ಅಷ್ಟು ಹೊತ್ತು ಹೇಗೆ ನಿಂತಿತೋ. ಡಾಕ್ಟರು ಅವನ ಭುಜದ ಮೇಲೆ ಒಮ್ಮೆ ಕೈಯಿಟ್ಟು ಎದ್ದು, ಫೋನ್ ಮಾಡಲು ಹೊರಗಿನ ಕೋಣೆಗೆ ಹೋದರು. ದೊಡ್ಡಕ್ಕ ಗೋಡೆಗೆ ಹಣೆಯಿಟ್ಟು ಅಳತೊಡಗಿದಳು.

ಡ್ರೈವರಮ್ಮ ಮಂಚದ ಅಂಚಿನಲ್ಲಿ ಕೂತಳು. ಯಾಕೆ ಎಂದು ಕೇಳಬೇಕಿತ್ತು. ಬಲ್ಬು ಸುಟ್ಟರೂ ಯಾಕೆಂದು ಹೇಳದೆ ಬಿಡದ ಮನುಷ್ಯ, ಇದಕ್ಕೊಂದು ಕಾರಣ ಬರೆಯದೆ ಇರುತ್ತಿದ್ದನೇ? ಅದನ್ನು ಬರೆಯಲೆಂದೇ ಮೇಜು ಒರೆಸಲು ಹೋಗಿದ್ದ. ಯಾಕೆ ಎನ್ನುವುದಕ್ಕೆ ಹೌದು ಇಲ್ಲ ಎಂದು ಉತ್ತರವಿಲ್ಲ. ಅವಳೇ ಕಾರಣಗಳನ್ನು ಹುಡುಕಿ, ಒಂದೊಂದೇ ಮುಂದಿಟ್ಟು ಕೇಳಬೇಕು, ಪೆನ್ ಡ್ರೈವ್ ಹಿಡಿದು ಕೇಳಿದ ಹಾಗೆ. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಯಾವುದೆಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಹೌದು ಎಂದರೆ ಅವಳು ಜಗಳ ಆಡುತ್ತಾಳೆ, ಡಾಕ್ಟರನ್ನು ವಾಪಸು ಕರೆಯುತ್ತಾಳೆ. ಇಲ್ಲ ಎಂದರೆ ಸುಮ್ಮನಾಗುತ್ತಾಳೆ. ಎರಡರಲ್ಲಿ ಯಾವುದಾದರೂ ಸರಿ, ಅದನ್ನು ಹಿಡಿದುಕೊಂಡು ಬದುಕಬಹುದು.

ಅವನ ಮುಖದ ಹತ್ತಿರ ಬಾಗಿದಳು. "ನನಗೆ ಕಷ್ಟ ಆಗತ್ತೆ ಅಂತ ಬೇಡ ಅಂದ್ಯಾ? ನಿಜ ಹೇಳು. ನನ್ನ ಸಲುವಾಗಿ ಅಂದ್ಯಾ?"

ದೊರೆ ಅವಳನ್ನು ನೋಡಿದ. ಎಡಗಣ್ಣಿನ ರೆಪ್ಪೆ ನಿಧಾನಕ್ಕೆ ಇಳಿಯಿತು, ಅರ್ಧಕ್ಕೆ ತಡೆಯಿತು, ಪೂರ್ತಿ ಇಳಿಯಿತು. ಅದರ ಹಿಂದೆ ಬಲಗಣ್ಣು. ಅವಳು ಬಟ್ಟೆ ಒದ್ದೆ ಮಾಡಿ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಮತ್ತೆ ಕೇಳಿದಳು. ಕಣ್ಣು ತೆರೆಯಲಿಲ್ಲ.

"ಬಿಡೇ. ಅವನಿಗೆ ಸುಸ್ತು," ಎಂದಳು ದೊಡ್ಡಕ್ಕ ಗೋಡೆಯ ಕಡೆಯಿಂದ. ಈ ಸಲ ಅವಳು ಹೇಳಿದ್ದು ಸರಿಯಾಗಿತ್ತು.